ಜಾಗ ಬಿಟ್ಟುಕೊಟ್ಟವನ ಹೆಸರಿಗಾಗಿ

ಬೆಳಿಗ್ಗೆ ಐದೂಮುಕ್ಕಾಲು. ಉಳ್ಳಾಲದ ಅಳಿವೆಯ ದಂಡೆಯಲ್ಲಿ ವಾಸು ನಾಡದೋಣಿಯೊಂದರ ಎಂಜಿನ್ ರಿಪೇರಿ ಮುಗಿಸಿ, ಕೈ ಒರೆಸಿಕೊಂಡು, ದೋಣಿಗೆ ಹತ್ತಿ ಕೂರುತ್ತಾರೆ.

"ರಿಪೇರಿ ಆಯ್ತಲ್ಲ ವಾಸಣ್ಣ, ಇನ್ನು ನೀವು ಎಂತಕ್ಕೆ? ಸುಮ್ಮನೆ ಭಾರ!" ದೋಣಿಯ ಯಜಮಾನ ಲತೀಶ್ ಛೇಡಿಸುತ್ತಾರೆ.

"ನಾನು ಕೂತರೆ ಭಾರ, ನಡುನೀರಲ್ಲಿ ಎಂಜಿನ್ ನಿಂತರೆ ಹಗುರವಾ? ತಳ್ಳು ಮಾರಾಯ."

ರಿಪೇರಿ ಮಾಡಿದವನೇ ಮೊದಲ ಸವಾರಿಗೆ ಹೋಗಬೇಕು. ಇದು ವಾಸು ವಾಯುಪಡೆಯಿಂದ ತಂದ ರೂಢಿ. ಮೀನುಗಾರರ ಮನೆಯ ಈ ಮಗ ಹೆಲಿಕಾಪ್ಟರ್ ಘಟಕವೊಂದರಲ್ಲಿ ಮೆಕ್ಯಾನಿಕ್ ಆಗಿದ್ದರು. ಪಕ್ಕದ ತೊಕ್ಕೊಟ್ಟಿನ ಸುಲೈಮಾನ್ ಅಲ್ಲಿ ಜೊತೆಗಾರ. ಮೆಕ್ಯಾನಿಕ್ ಹೀಗೆ ಹತ್ತುವುದಕ್ಕೆ ಲಿಖಿತ ಆದೇಶವೇನೂ ಇರಲಿಲ್ಲ. ಪೈಲಟ್ ಕರೆಯುತ್ತಿದ್ದರು, ಇವರು ಹತ್ತುತ್ತಿದ್ದರು.

ಕಾರ್ಗಿಲ್ ಯುದ್ಧದ ದಿನಗಳಲ್ಲೊಮ್ಮೆ ಸುಲೈಮಾನ್ ದುರಸ್ತಿ ಮಾಡಿದ ಹೆಲಿಕಾಪ್ಟರ್ ಪರೀಕ್ಷೆಗೆಂದು ಅವರನ್ನೂ ಕೂರಿಸಿಕೊಂಡು ಮೇಲೇರಿತು. ನಡುವೆ ರೇಡಿಯೊದಲ್ಲಿ ಕರೆ ಬಂತು: ಮುಂಚೂಣಿಯಲ್ಲಿ ಇಬ್ಬರು ಗಾಯಾಳುಗಳಿದ್ದಾರೆ. ಹೆಲಿಕಾಪ್ಟರ್ ನೇರ ಅಲ್ಲಿಗೇ ಹೋಗಿ ಇಳಿಯಿತು. ಆ ಎತ್ತರದ ತೆಳು ಗಾಳಿಯಲ್ಲಿ ಇಬ್ಬರನ್ನೂ ಹೊತ್ತು ಏಳಬೇಕಾದರೆ ಒಬ್ಬರ ಭಾರ ಇಳಿಯಬೇಕಿತ್ತು. ಸುಲೈಮಾನ್ ಇಳಿದರು. ಅವರನ್ನು ಕರೆತರಲು ಹೆಲಿಕಾಪ್ಟರ್ ಮರಳುವ ಮೊದಲೇ ಅಲ್ಲಿ ಶೆಲ್ ಬಿತ್ತು.

ವಾಸು ಇದನ್ನು ಕೇಳಿದ್ದು ಪೈಲಟ್ ಬಾಯಿಂದ. ಕಾಗದದಲ್ಲಿ ಇರುವುದು ಶೆಲ್ ದಾಳಿಯಲ್ಲಿ ಸಾವು ಎಂದಷ್ಟೇ. ಆದೇಶವಿಲ್ಲದೆ ಹತ್ತಿದ್ದರಿಂದ ಹಾರಾಟದ ದಾಖಲೆಯಲ್ಲಿ ಸುಲೈಮಾನ್ ಇಲ್ಲವೇ ಇಲ್ಲ.

ಸುಲೈಮಾನರ ತಾಯಿಗೆ ಈಗ ಎಂಬತ್ತು ದಾಟಿದೆ. "ಎಲ್ಲರೂ ಬಂದ್ರು, ಇವ ಒಬ್ಬ ಎಂತಕ್ಕೆ ಅಲ್ಲಿ ಉಳಿದ ಅಂತ ಉಮ್ಮ ಕೇಳ್ತಾರೆ," ಎನ್ನುತ್ತಾರೆ ವಾಸು. "ನಾನು ಹೇಳಿದ್ರೆ, ನೀನು ಅವನ ದೋಸ್ತಿ, ಹಾಗೇ ಹೇಳುದು ಅಂತಾರೆ. ಪುಸ್ತಕದಲ್ಲಿ ಉಂಟು ಅಂತ ತೋರಿಸಿದ್ರೆ ನಂಬ್ತಾರೆ."

ಘಟಕ ತನ್ನ ಯುದ್ಧಕಾಲದ ಇತಿಹಾಸ ಬರೆಸುತ್ತಿದೆ ಎಂದು ತಿಳಿದಾಗ ವಾಸು ಕೇಳಿದ್ದು ಒಂದೇ ಸಾಲು: ಗಾಯಾಳುಗಳಿಗಾಗಿ ಸುಲೈಮಾನ್ ಜಾಗ ಬಿಟ್ಟುಕೊಟ್ಟರು ಎಂದು. ಸಾಕ್ಷಿ ಬೇಕೆಂದು ಉತ್ತರ ಬಂತು. ಗಾಯಾಳುಗಳಿಗೆ ಅಂದು ಪ್ರಜ್ಞೆ ಇರಲಿಲ್ಲ. ಇಬ್ಬರು ಪೈಲಟ್‌ಗಳಲ್ಲಿ ಉಳಿದಿದ್ದವರು ಒಬ್ಬರೇ, ಅವರೂ ಪುಣೆಯ ಆಸ್ಪತ್ರೆಯಲ್ಲಿ.

"ಬರೆದು ಕೊಡ್ತೇನೆ ಅಂದಿದ್ರು ಫೋನಲ್ಲಿ. ಹುಷಾರಿಲ್ಲದವರನ್ನು ಹೇಗೆ ಒತ್ತಾಯ ಮಾಡುದು ಅಂತ ನಾನು ಇಲ್ಲೇ ಕೂತೆ. ರೈಲು ಹತ್ತಿ ಹೋಗಬೇಕಿತ್ತು." ವಾಸು ಎಂಜಿನ್ನಿನ ಸದ್ದಿಗೆ ಕಿವಿಗೊಡುತ್ತಾರೆ. "ಸರಿ ಉಂಟು. ತಿರುಗಿಸು."

ಬರೆದುಕೊಡುವ ಮೊದಲೇ ಪೈಲಟ್ ಹೋದ ತಿಂಗಳು ತೀರಿಕೊಂಡರು. ಪುಸ್ತಕ ಕಳೆದ ವಾರ ಅಂಚೆಯಲ್ಲಿ ಬಂತು. ಆ ಹಾರಾಟಕ್ಕೆ ಅರ್ಧ ಪುಟ ಇದೆ, ಗಾಯಾಳುಗಳಿಬ್ಬರೂ ಬದುಕಿದರು ಎಂದಿದೆ. ಸುಲೈಮಾನರ ಹೆಸರಿಲ್ಲ. ವಾಸು ಅದನ್ನು ತೊಕ್ಕೊಟ್ಟಿಗೆ, ಉಮ್ಮನ ಬಳಿಗೆ ಒಯ್ದಿಲ್ಲ.