ಬೇರೊಬ್ಬನ ಬಿಲ್ಲೆ

ಅವರ ಎಡ ಮುಂಗೈಯ ಚರ್ಮದಡಿ ಒಂದು ನೀಲಿ ಗೆರೆಯಿತ್ತು. ಹಚ್ಚೆಯಲ್ಲ. ಗಣಿಯಲ್ಲಿ ಆದ ಗಾಯದೊಳಗೆ ಸೇರಿದ ಕಲ್ಲಿದ್ದಲ ಪುಡಿ. ಗಾಯ ಮಾಯ್ದರೂ ಅದು ಅಲ್ಲೇ ಉಳಿದಿತ್ತು. ಟೀ ಎತ್ತಿ ಹೊಯ್ಯುವಾಗ ಗೆರೆ ಕೈಯೊಂದಿಗೆ ಮೇಲೆ ಕೆಳಗೆ ಓಡಾಡುತ್ತಿತ್ತು.

ಮಲೇಷ್ಯಾದ ಬಾತು ಅರಾಂಗ್‌ನ ಕಲ್ಲಿದ್ದಲ ಗಣಿ ಮುಚ್ಚಿ ಬಹಳ ಕಾಲವಾಗಿದೆ. ಅಲ್ಲಿ ದುಡಿದವರಲ್ಲಿ ನನಗೆ ಸಿಕ್ಕವರು ಈ ಟೀ ಅಂಗಡಿಯ ಯಜಮಾನರೊಬ್ಬರೇ. ನನ್ನ ತಾತ ಆ ಗಣಿಯಲ್ಲಿ ಹಾಜರಿ ಗುಮಾಸ್ತರು. ಹೆಡ್‌ಮಾಸ್ತರಿಕೆಯಿಂದ ನಿವೃತ್ತನಾಗಿ ಪುಚೊಂಗ್‌ನಲ್ಲಿರುವ ಮಗಳ ಮನೆಗೆ ಬಂದ ಮೇಲೆ ಮನೆತನದ ಚರಿತ್ರೆ ಬರೆಯಲು ಹೊರಟೆ. ಪ್ರತಿ ಶನಿವಾರ ಹತ್ತಕ್ಕೆ ಸರಿಯಾಗಿ ಅವರ ಅಂಗಡಿಯಲ್ಲಿರುತ್ತಿದ್ದೆ. ಪ್ರಶ್ನೆಗಳಿಗೆ ನಂಬರು ಹಾಕಿದ್ದೆ. ಹನ್ನೊಂದೂವರೆಗೆ ಫೋನಿನ ಅಲಾರಂ.

ಅವರ ತಾಯಿ ಕೋಲಾರದ ಕಡೆಯವರು. ಯಜಮಾನರಿಗೆ ತಮಿಳು ಬೆರೆತ ಕನ್ನಡ ಬರುತ್ತಿತ್ತು, ಕೊನೆಗೆ ಮಲೇಷ್ಯಾದವರ 'ಲಾ' ಬೇರೆ; ಓದಲು ಬಾರದು. "ಮೊದಲು ತಿನ್ನಿ ಲಾ, ಸಾರ್. ಪ್ರಶ್ನೆ ಎಲ್ಲೂ ಓಡಿಹೋಗಲ್ಲ" ಎಂದು ರೊಟ್ಟಿ ಮುಂದಿಡುತ್ತಿದ್ದರು. ಅಲಾರಂ ಕೂಗಿದರೆ ಗಿರಾಕಿಗಳತ್ತ ತಿರುಗಿ, "ಬೆಲ್ ಹೊಡೀತು, ಎಲ್ಲರೂ ಮನೆಗೆ ಹೋಗ್ರಪ್ಪಾ!" ಎನ್ನುತ್ತಿದ್ದರು.

ಯಾವ ಪ್ರಶ್ನೆ ಕೇಳಿದರೂ ಉತ್ತರ ಅವರ ಅಣ್ಣನ ಹತ್ತಿರ ಬಂದು ನಿಲ್ಲುತ್ತಿತ್ತು. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರಿನ ಹಿತ್ತಾಳೆ ಬಿಲ್ಲೆ. ಇಳಿಯುವಾಗ ಒಯ್ಯಬೇಕು, ಮೇಲೆ ಬಂದು ಮೊಳೆಗೆ ತೂಗುಹಾಕಬೇಕು. ಹಾಜರಿ ಬರೆಯುವುದು ಬಿಲ್ಲೆ ನೋಡಿ. ಒಂದು ದಿನ ಅಣ್ಣನ ಸ್ನೇಹಿತನಿಗೆ ಜ್ವರ, ಕೆಲಸ ಹೋದೀತೆಂಬ ಹೆದರಿಕೆ. ಅಣ್ಣ ತನ್ನ ರಜೆಯ ದಿನ ಅವನ ಬಿಲ್ಲೆ ಹಿಡಿದು ಇಳಿದ. ಸುರಂಗದ ಮೇಲ್ಛಾವಣಿ ಕುಸಿಯಿತು. ದೇಹವೂ ಸಿಗಲಿಲ್ಲ.

"ಹಾಜರಿ ಪುಸ್ತಕದಲ್ಲಿ ಅಣ್ಣಂಗೆ ಅವತ್ತು ರಜ. ಆ ಸ್ನೇಹಿತನೇ ಬಂದು ಹೇಳಿದರೂ ನಿಮ್ಮ ತಾತ ತಿದ್ದಲಿಲ್ಲ" ಎಂದರು, ಕೋಪವಿಲ್ಲದೆ. "ನೀವು ಬರೀರಿ ಸಾರ್. ಒಂದು ಸಾಲು. ಹೆಸರು ಇದ್ರೆ ಸಾಕು."

"ದಾಖಲೆ ಏನಾದರೂ ಇದೆಯೇ?"

"ನಾನು ಇದೀನಲ್ಲಾ."

"ದಾಖಲೆಯಿಲ್ಲದ್ದನ್ನು ನಾನು ಬರೆಯುವುದಿಲ್ಲ."

ಅವರು ನಕ್ಕರು. "ತಾತನ ಮೊಮ್ಮಗನೇ, ಸಂದೇಹ ಇಲ್ಲ" ಎಂದು ಇನ್ನೊಂದು ಟೀ ತಂದಿಟ್ಟರು.

ಪುಸ್ತಕ ಅಚ್ಚಾಯಿತು. ಒಂದು ಪ್ರತಿ ಕೊಡಲು ಹೋದೆ. ಹೊರಗೆ ಕಾರು ಕಾಯುತ್ತಿತ್ತು. ಅವರು ಕೈ ಒರೆಸಿಕೊಂಡು ಹಾಳೆ ತಿರುವಿದರು. "ಅಣ್ಣ ಎಲ್ಲವನೆ?"

ಇಲ್ಲ ಎನ್ನಲು ಒಂದು ಕ್ಷಣ ಸಾಕಿತ್ತು. ಆಮೇಲಿನ ವಿವರಣೆಗೆ ಸಮಯವಿರಲಿಲ್ಲ. ತೆರೆದ ಪುಟದಲ್ಲಿ ಒಂದು ಸಾಲಿನ ಮೇಲೆ ಬೆರಳಿಟ್ಟೆ. "ಇಲ್ಲಿ."

ಆ ಸಾಲನ್ನು ಅವರು ಹೆಬ್ಬೆರಳಿಂದ ಮೆಲ್ಲಗೆ ಸವರಿದರು. ಅವತ್ತು ಟೀಗೆ ಸಕ್ಕರೆ ಹಾಕುವುದನ್ನೇ ಮರೆತರು.

ನಾಲ್ಕು ತಿಂಗಳಿಗೆ ಅವರು ತೀರಿಕೊಂಡರು. ಹದಿನಾರನೆಯ ದಿನದ ಕಾರ್ಯಕ್ಕೆ ಹೋದೆ. ಹಾರ ಹಾಕಿದ ಫೋಟೋದ ಮುಂದೆ ನನ್ನ ಪುಸ್ತಕವಿತ್ತು, ಅದೇ ಪುಟ ತೆರೆದು. ಸಾಲಿನ ಮೇಲೆ ಎಣ್ಣೆಬೆರಳಿನ ಕಲೆ. ಅವರ ಮಗಳು ತಮಿಳಿನಲ್ಲಿ ಹೇಳಿದಳು: "ಅಂಕಲ್, ದೊಡ್ಡಪ್ಪನ ಬಗ್ಗೆ ಬರೆದದ್ದನ್ನು ಓದಿ ಹೇಳಿ. ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದರು. ನಮಗೆ ಯಾರಿಗೂ ಕನ್ನಡ ಓದಲು ಬರುವುದಿಲ್ಲ."

ಅಲ್ಲಿದ್ದ ಸಾಲು ಇದು: "ನಮ್ಮ ತಾತನ ಹಾಜರಿ ಪುಸ್ತಕದಲ್ಲಿ ಎಂದೂ ಒಂದು ತಪ್ಪೂ ಸಿಗಲಿಲ್ಲ."

"ಕನ್ನಡಕ ತಂದಿಲ್ಲಮ್ಮ" ಎಂದೆ. ನಲವತ್ತು ವರ್ಷದಿಂದ ನನ್ನ ಕನ್ನಡಕ ಎಡ ಜೇಬು ಬಿಟ್ಟು ಬೇರೆಲ್ಲೂ ಇದ್ದದ್ದಿಲ್ಲ. ಅವತ್ತೂ ಅಲ್ಲೇ ಇತ್ತು. ಆಕೆ, "ಪರವಾಗಿಲ್ಲ ಅಂಕಲ್, ಊಟ ಮಾಡಿ" ಎಂದು ಎಲೆ ಹಾಕಿಸಿದಳು. ಕೂತು ಉಂಡೂ ಬಂದೆ.

ಮುಂದಿನ ಶನಿವಾರ ಹತ್ತಕ್ಕೆ ಆಕೆಯ ಮನೆಗೆ ಹೋಗುತ್ತೇನೆ. ಆ ಸಾಲಿನಲ್ಲಿ ನಿಜವಾಗಿ ಏನಿದೆಯೆಂದು ಹೇಳಿ, ಈಗ ಬರೆಯುತ್ತಿರುವ ಈ ಹಾಳೆಯನ್ನು ಓದಿ ಕೊಡುತ್ತೇನೆ. ಅಲಾರಂ ಇಡುವುದಿಲ್ಲ.

ಅವರ ಅಣ್ಣನ ಹೆಸರು ಮುನಿಯಪ್ಪ. ರಜೆಯ ದಿನ ಬೇರೊಬ್ಬನ ಬಿಲ್ಲೆ ಹಿಡಿದು ಗಣಿಗೆ ಇಳಿದವನು ಮೇಲೆ ಬರಲಿಲ್ಲ. ನನ್ನ ತಾತನ ಪುಸ್ತಕ ತಪ್ಪು. ನನ್ನದೂ ತಪ್ಪು. ಇದಕ್ಕೆ ದಾಖಲೆಯಿಲ್ಲ. ಟೀ ಅಂಗಡಿಯವರು ಹೇಳಿದರು.