ಬಿಳಿ ಗೆರೆಯ ಮೇಲಿನ ಕುಂಕುಮ

ಮಾವ, ಪದಕದ ಪಟ್ಟಿಯ ಮೇಲಿದ್ದ ಆ ಕುಂಕುಮದ ಗುರುತು ಅತ್ತೆಯದಲ್ಲ. ನನ್ನದು. ನೀವಿದ್ದಾಗ ಹೇಳಲಿಲ್ಲ — ಎಷ್ಟು ಸಂಜೆ ಕಾಫಿ ಲೋಟ ಕೊಟ್ಟು ನಿಮ್ಮೆದುರಿಗೇ ನಿಂತಿದ್ದೆ, ಆದರೂ...

ಆ ಆಗಸ್ಟ್ ಹದಿನೈದರಂದು ಯಲಹಂಕದ ನಮ್ಮ ಮನೆಯಲ್ಲಿ ಎಂದಿನಂತೆಯೇ ಬೆಳಗಾಗಿತ್ತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ, ಹಾಲು ಕಾಯಿಸಿದೆ. ನೀವು ಹಿತ್ತಲಲ್ಲಿ ಕೂತು ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಿರಿ; ಆ ಬ್ರಷ್ಷಿನ ಸದ್ದಿಗೂ ಕವಾಯತಿನ ಲಯ. ಸೇನೆಯಿಂದ ನಿವೃತ್ತರಾದ ಸುಬೇದಾರರ ಕಣ್ಣಿಗೆ ಪೊರೆ ಬಂದಿತ್ತು, ಬೂಟಿನ ಹೊಳಪು ಮಾತ್ರ ಮಾಸಿರಲಿಲ್ಲ.

ನಿಮ್ಮ ಪದಕಗಳು ಎಡ ಎದೆಗೆ. ಎಪ್ಪತ್ತೊಂದರ ಯುದ್ಧದಲ್ಲಿ ಮಡಿದ ನಿಮ್ಮ ಕಿರಿಯ ಮಗ ಶಿವಣ್ಣನದು — ನಾನು ನೋಡದ ನನ್ನ ಮೈದುನನದು — ಬಲ ಎದೆಗೆ. ಪ್ರತಿವರ್ಷ ನೀವೇ ಚುಚ್ಚಿಕೊಳ್ಳುತ್ತಿದ್ದಿರಿ. ಕಣ್ಣು ಮಂಜಾದ್ದರಿಂದ ಆ ವರ್ಷ ಮೊದಲ ಸಲ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟಿರಿ. ಎಷ್ಟು ಹಿಗ್ಗಿದ್ದೆ ಗೊತ್ತೆ! ಶಿವಣ್ಣನ ಪದಕದ ಪಟ್ಟಿಯ ಬಿಳಿ ಗೆರೆಯ ಮೇಲೊಂದು ಕಂದು ಕಲೆ ಕಂಡಿತು. ಕಾಲರಿನಲ್ಲಿ ಕಲೆಯಿದ್ದರೆ ಕಾನ್ವೆಂಟಿನ ಸಿಸ್ಟರ್ ಕೈಲಿ ಬೈಸಿಕೊಂಡು ಬೆಳೆದವಳು ನಾನು. ಸೋಪಿನ ನೊರೆಯಲ್ಲಿ ಮೆಲ್ಲಗೆ ಉಜ್ಜಿದೆ, ಇಸ್ತ್ರಿ ಹಾಕಿದೆ. ಬೆಳ್ಳಗಾಯಿತು.

ಆಗ ಹಿತ್ತಲಿನಿಂದ ನಿಮ್ಮ ದನಿ: "ಅಮ್ಮಾ, ಶಿವಣ್ಣನ ಪಟ್ಟಿ ಮೇಲೆ ನಿಮ್ಮತ್ತೆ ಬೆರಳಿನ ಗುರುತಿದೆಯಲ್ಲ, ಅದು ಎದ್ದು ಕಾಣೋ ಹಾಗೆ ಚುಚ್ಬೇಕು ಕಣಮ್ಮಾ. ಪದಕ ಮನೆಗೆ ಬಂದ ದಿನ ಅವಳು ಅಳ್ಲಿಲ್ಲ. ಅವನು ರೈಲು ಹತ್ತೋವಾಗ ಹಣೆಗೆ ಇಟ್ಟ ಹಾಗೇ ಅದಕ್ಕೂ ಕುಂಕುಮ ಇಟ್ಟು, 'ಬಂದ್ಯಾ ಮಗನೇ' ಅಂದ್ಲು... ಕಾಣ್ತಿದೆ ತಾನೆ?"

"ಕಾಣ್ತಿದೆ ಮಾವ" ಅಂದೆ.

ಅಷ್ಟೇ ಮಾತು. ದೇವರ ಗೂಡಿನ ಕುಂಕುಮಕ್ಕೆ ಒಂದು ತೊಟ್ಟು ನೀರು ಬೆರೆಸಿ, ಬೆರಳದ್ದಿ ಒತ್ತಿದೆ. ಇಸ್ತ್ರಿಯ ಬಿಸಿಯಲ್ಲಿ ಒಣಗಿಸಿದೆ. ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದ ಅತ್ತೆ — ಅವರ ಬೆರಳು ದಪ್ಪವೋ ತೆಳುವೋ, ಅದೂ ನನಗೆ ಗೊತ್ತಿರಲಿಲ್ಲ. ಕೋಟಿಗೆ ಚುಚ್ಚಿದ ಮೇಲೆ ನೀವು ಆ ಗುರುತನ್ನು ಬೆರಳಿನಿಂದ ಮುಟ್ಟಿ ನೋಡಿದಿರಿ. ಆಮೇಲೆ ನಿಮ್ಮ ಬೆನ್ನು ನೆಟ್ಟಗಾಯಿತು.

ಶಾಲೆಯ ಮೈದಾನದಲ್ಲಿ ಬಾವುಟ ಹಾರಿತು. ಹೆಡ್‌ಮಾಸ್ತರು ಮಡಿದ ಯೋಧರ ಸಾಲಿನಲ್ಲಿ ಶಿವಣ್ಣನ ಹೆಸರು ಕೂಗಿದರು. "ಹಾಜರ್!" — ಮಗನ ಪರವಾಗಿ ನೀವು ಕೊಟ್ಟ ಉತ್ತರ. ದನಿ ನಡುಗಲಿಲ್ಲ. ಕೂತವರೆಲ್ಲ ಎದ್ದು ನಿಂತರು, ಯಾರೂ ಹೇಳಿಕೊಟ್ಟಿರಲಿಲ್ಲ. ಇಂಥವರ ಮನೆಯ ಸೊಸೆ ನಾನು! ಆ ಹೆಮ್ಮೆ ಸುಳ್ಳಲ್ಲ ಮಾವ, ಇವತ್ತಿಗೂ ಅಲ್ಲ. ಸುಳ್ಳು ಇದ್ದದ್ದು ನಿಮ್ಮ ಬಲ ಎದೆಯ ಮೇಲೆ, ಬೆರಳ ತುದಿಯಷ್ಟು ಕೆಂಪು — ಅದನ್ನಿಟ್ಟವಳು ನಾನು.

ಈಗ ಪದಕ ನನ್ನ ಬಳಿ ಇದೆ. ಆ ಗುರುತೂ ಕಂದಿದೆ, ನೋಡಿದವರು ಅತ್ತೆಯದೆಂದೇ ಕೈಮುಗಿಯುತ್ತಾರೆ. ನಿಮ್ಮ ದೊಡ್ಡ ಮಗನಿಗೂ ನಾನು ಹೇಳಿಲ್ಲ. ಈ ಆಗಸ್ಟಿನಲ್ಲಿ, ಪೆಟ್ಟಿಗೆ ತೆರೆಯುವಾಗ, ಹೇಳುತ್ತೇನೆ.

ಬಾವುಟ ಹಾರಿದ ಆ ದಿನವೇ ನಿಮಗೆ ಹೇಳಬೇಕೆಂದು ಸಂಜೆ ನಿಮ್ಮ ಕುರ್ಚಿಯ ಬಳಿ ಬಂದಿದ್ದೆ. "ಮಾವ..." ಎಂದೂ ಅಂದಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಜೈಬುನ್ನಮ್ಮ ಬಟ್ಟಲು ವಾಪಸು ಕೊಡಲು ಬಂದರು. ಗೂಟಕ್ಕೆ ತೂಗುಹಾಕಿದ್ದ ನಿಮ್ಮ ಕೋಟಿನ ಹತ್ತಿರ ಬಗ್ಗಿ ನೋಡಿ, ನಿಮಗೂ ಕೇಳುವಂತೆ ಅಂದರು: "ಅರೆ, ನಿಮ್ಮತ್ತೆ ಕೈ ಏನ್ ಕೈ ಕಣಮ್ಮಾ! ಅವ್ರು ಹೋಗಿ ಎಷ್ಟ್ ವರ್ಷ ಆಯ್ತು, ಕುಂಕುಮ ನೋಡು — ಇವತ್ತ್ ಬೆಳಿಗ್ಗೆ ಇಟ್ಟಂಗಿದೆ!"