ಹೊಲಿಗೆ ಅಕ್ಕನ ಡಬ್ಬಿ

ಹೊಲಿಗೆ ಅಕ್ಕನ ಕೂದಲಲ್ಲಿ ಸದಾ ನೂಲಿನ ಚೂರುಗಳು ಸಿಕ್ಕಿಕೊಂಡಿರುತ್ತಿದ್ದವು. ಅವತ್ತು ಯಾವ ಬಣ್ಣದ ಟವೆಲ್ಲಿನ ಅಂಚು ಮಡಚಿ ಹೊಲಿದಳೆಂದು ಅವಳ ತಲೆ ನೋಡಿಯೇ ಹೇಳಬಹುದಿತ್ತು. ಸೊಲ್ಲಾಪುರದಲ್ಲಿ ನಮ್ಮದು ಟವೆಲ್ ಅಂಗಡಿ. ಪಕ್ಕದ ಮನೆಯ ಅಕ್ಕ ನಮ್ಮ ಮಾಲಿಗೆ ಅಂಚು ಹೊಲಿದು ಕೊಡುತ್ತಿದ್ದಳು. ಕರಜಗಿಯ ಕಡೆಯವಳು, ಕ್ರೈಸ್ತಳು. ಗಂಡನಿಲ್ಲ, ಮಕ್ಕಳಿಲ್ಲ, ಮಾತಿಗೆ ಮಾತ್ರ ಬರವಿರಲಿಲ್ಲ.

ಕೂಲಿಯ ವಿಷಯದಲ್ಲಿ ಅವಳು ಯಾರಿಗೂ ಜಗ್ಗುವವಳಲ್ಲ. ಅಪ್ಪ ನಾಳೆ ನೋಡೋಣ ಎಂದರೆ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಡುವಳು, ಬಂದ ಗಿರಾಕಿಗಳಿಗೆ ತಾನೇ ಟವೆಲ್ ಬಿಚ್ಚಿ ತೋರಿಸುವಳು. ಕೊನೆಗೆ ಅಪ್ಪ ನಗುತ್ತ ಗಲ್ಲಾ ತೆರೆಯಲೇಬೇಕಾಗುತ್ತಿತ್ತು.

ಅದೇ ಅಕ್ಕ ಕ್ರಿಸ್‌ಮಸ್ಸಿಗೆ ಸ್ಟೀಲ್ ಡಬ್ಬಿಯ ತುಂಬ ಕೊಬ್ಬರಿ-ಸಕ್ಕರೆ ತುಂಬಿ ಕರಿದ ಕರಂಜಿ ಕಳಿಸಿದರೆ, ಡಬ್ಬಿ ಖಾಲಿಯಾಗಿಯೇ ಮರಳಬೇಕೆಂದು ಹಟ ಹಿಡಿಯುತ್ತಿದ್ದಳು. ಅವ್ವನಿಗೆ ಇದು ನುಂಗಲಾರದ ತುತ್ತು. ಇನ್ನೊಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಹಿಡಿ ಸಕ್ಕರೆಯಾದರೂ ಹಾಕಬೇಕು. ಅವ್ವ ಸಕ್ಕರೆ ಹಾಕಿ ಕಳಿಸುವಳು. ಅಕ್ಕ ಅದೇ ಸಕ್ಕರೆಯಲ್ಲಿ ಚಹಾ ಮಾಡಿ ತಂದು ಅವ್ವನಿಗೇ ಕುಡಿಸುವಳು. ಈ ಜಿದ್ದು ವರ್ಷವರ್ಷವೂ ನಡೆಯಿತು.

ದೇವರೊಂದಿಗೂ ಅವ್ವನದು ಇದೇ ರೀತಿ, ಬರಿಗೈ ಕೂಡದು. ಗುರುವಾರ ಉಪವಾಸ, ವರ್ಷಕ್ಕೊಮ್ಮೆ ಅಕ್ಕಲಕೋಟೆಯ ಸ್ವಾಮಿಗಳ ಗುಡಿಗೆ ಕಾಲ್ನಡಿಗೆ. ತನ್ನ ಯೇಸು ಮುಕ್ತಿಯನ್ನು ಪುಕ್ಕಟೆಯಾಗಿ ಕೊಡುತ್ತಾನೆಂದು ಅಕ್ಕ ಹೇಳಿದಾಗ ಅವ್ವ ನಕ್ಕುಬಿಟ್ಟಿದ್ದಳು. ಪುಕ್ಕಟೆ ಮಾಲು ಒಂದು ಒಗೆತಕ್ಕೇ ಬಣ್ಣ ಬಿಡುತ್ತದೆ ಎಂದು ನಂಬಿದ ಅಂಗಡಿಯ ಮನೆ ನಮ್ಮದು.

ಆಮೇಲೆ ಅವ್ವನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಸೋತುಹೋದವು. ಗುಳಿಗೆಗಳನ್ನು ಊಟದ ಮೇಲೆಯೇ ನುಂಗಬೇಕು, ಉಪವಾಸ ಕೂಡದು ಎಂದರು ಡಾಕ್ಟರು. ಮೊದಲ ಗುರುವಾರವೇ ಅವ್ವ ಬಾಯಿ ಬಿಗಿಹಿಡಿದಳು. ನಾನು ಬೇಡಿಕೊಂಡೆ, ಅಪ್ಪ ಗದರಿದ. ಅವಳು ಜಪ್ಪಯ್ಯ ಎನ್ನಲಿಲ್ಲ. ಮಧ್ಯಾಹ್ನವಾದರೂ ಗುಳಿಗೆ ಹೊಟ್ಟೆಗೆ ಹೋಗಿರಲಿಲ್ಲ.

ದಿನವೂ ಅವ್ವನ ತಲೆ ಬಾಚಲು ಬರುತ್ತಿದ್ದ ಅಕ್ಕ ಅಂದೂ ಬಂದಳು. ಅವಳನ್ನು ಕಂಡದ್ದೇ ಅವ್ವ ತೊದಲುತ್ತ ಅತ್ತಳು. "ನಡ್ಯಾಕ ಕಾಲಿಲ್ಲ, ಉಪಾಸನೂ ಹೋತು. ಇನ್ನ ದೇವರಿಗಿ ನಾ ಏನ ಕೊಡ್ಲಿ? ನಿನಗರೆ ಏನ ಕೊಡ್ಲಿ?"

ಅಕ್ಕ ಬಾಚಣಿಗೆ ಕೆಳಗಿಟ್ಟಳು.

"ಕೂಲಿ ನಾ ದುಡದದ್ದು, ಅದನ್ನ ಬಿಡಾಂಗಿಲ್ಲ ನೋಡ್ರಿ. ಆದ್ರ ಯೇಸು ನನ್ನ ಸಲುವಾಗಿ ಜೀವಾನ ಕೊಟ್ಟಾನ. ಅದು ನಾ ದುಡದದ್ದಲ್ಲ, ತೀರಸಾಕ ಬರಾಂಗೂ ಇಲ್ಲ. ಕೈ ಚಾಚಿ ತಗೊಂಡೀನಿ, ಅಷ್ಟ. ಕೊಡಾಂವಗ ನಿಮ್ಮ ಕೈ ಖಾಲಿ ಇದ್ರೂ ನಡೀತದ. ಉಣ್ರಿ ಈಗ."

ಅವ್ವ ಬಾಯಿ ತೆರೆದಳು. ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನು ಅಕ್ಕನೇ ಉಣಿಸಿದಳು, ಗಲ್ಲಕ್ಕೆ ಸೋರಿದ್ದನ್ನು ನಮ್ಮದೇ ಅಂಗಡಿಯ ಟವೆಲ್ಲಿನಿಂದ ಒರೆಸುತ್ತ, ಇದರ ಅಂಚು ಯಾರೋ ಕೆಟ್ಟದಾಗಿ ಹೊಲಿದಿದ್ದಾರೆಂದು ಬೈಯುತ್ತ.

ಅವ್ವ ತನ್ನ ದೇವರನ್ನು ಬಿಡಲಿಲ್ಲ, ಅಕ್ಕ ಬಿಡೆನ್ನಲೂ ಇಲ್ಲ. ಗುರುವಾರ ಅವ್ವ ಎಡಗೈಯಿಂದ ದೀಪ ಹಚ್ಚುವಾಗ ಕಡ್ಡಿ ಗೀರಿ ಕೊಡುತ್ತಿದ್ದವಳೇ ಅಕ್ಕ. ದೀಪ ಹತ್ತಿದ ಮೇಲೆ ತನ್ನ ಯೇಸುವಿಗೆ ಅವ್ವನ ಹೆಸರು ಹೇಳಿ ಪ್ರಾರ್ಥಿಸಿ ಮನೆಗೆ ಹೋಗುವಳು.

ಹೋದ ಕ್ರಿಸ್‌ಮಸ್ಸಿಗೂ ಕರಂಜಿ ಬಂತು. ಡಬ್ಬಿ ಮರಳಿಸುವ ಮೊದಲೇ ಅಕ್ಕ ನಿದ್ದೆಯಲ್ಲಿ ತೀರಿಕೊಂಡಳು. ಮಣ್ಣಾದ ಮೇಲೆ ಅವಳ ತಮ್ಮ ಸಾಮಾನು ಒಯ್ಯಲು ಕರಜಗಿಯಿಂದ ಬಂದ. ನಾನು ಡಬ್ಬಿಯನ್ನು ತೊಳೆದು ಒರೆಸಿ, ರೂಢಿಯಂತೆ ಸಕ್ಕರೆಗೆ ಕೈ ಹಾಕಿದೆ.

ಅವ್ವ ನನ್ನನ್ನು ತಡೆದಳು.

"ಹಂಗ ಕೊಡು," ಎಂದಳು.

ಮತ್ತೆ ನನ್ನ ಕೈಯಿಂದ ತೆಗೆದುಕೊಂಡು, ಆ ಖಾಲಿ ಡಬ್ಬಿಯನ್ನು ತಾನೇ ಎಡಗೈಯಲ್ಲಿ ಎತ್ತಿ ಅವನಿಗೆ ಕೊಟ್ಟಳು.